ಕೀಮೋ ಮುಗಿದ ಮೇಲೆ ನಡಿಗೆ, ಊಟ: ನಿಮ್ಮ ಪ್ರಶ್ನೆಗೆ ಪ್ರತಿಕ್ರಿಯೆ
ನಿಮ್ಮ ತಂದೆಗೆ ದೊಡ್ಡ ಕರುಳಿನ ಕ್ಯಾನ್ಸರ್, ಮೂರನೇ ಹಂತ. ಆಪರೇಷನ್, ಕೀಮೋ ಎರಡೂ ಮುಗಿದಿವೆ. ಇನ್ನು ಊಟ, ವ್ಯಾಯಾಮ ಬದಲಾಯಿಸಿ ಪ್ರಯೋಜನ ಇದೆಯೇ, ಇಲ್ಲ ವಿಶ್ರಾಂತಿಯೇ ಸರಿಯೇ ಎಂದು ಕೇಳಿದ್ದೀರಿ. ಖಂಡಿತ ಪ್ರಯೋಜನ ಇದೆ, ಅದರಲ್ಲೂ ವ್ಯಾಯಾಮದಿಂದ.

2025ರಲ್ಲಿ ಪ್ರಕಟವಾದ 'ಚಾಲೆಂಜ್' ಪ್ರಯೋಗದಲ್ಲಿ, ಕೀಮೋ ಮುಗಿಸಿದ 889 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದಕ್ಕೆ ಆರೋಗ್ಯದ ಕಿರುಪುಸ್ತಕ, ಇನ್ನೊಂದಕ್ಕೆ ಅದರ ಜೊತೆ ಮೂರು ವರ್ಷ ಮಾರ್ಗದರ್ಶಕರ ಬೆಂಬಲದಲ್ಲಿ ವ್ಯಾಯಾಮ. 8 ವರ್ಷದ ಹೊತ್ತಿಗೆ ಬದುಕುಳಿದವರ ಪ್ರಮಾಣ ಪುಸ್ತಕದ ಗುಂಪಿನಲ್ಲಿ ಸುಮಾರು 83%, ವ್ಯಾಯಾಮದ ಗುಂಪಿನಲ್ಲಿ 90%. ರೋಗ ಮರುಕಳಿಸಿದ್ದೂ ಕಡಿಮೆ. ಇದು ಸಣ್ಣ ಮಾತಲ್ಲ! ಗುರಿಯೂ ಕೈಗೆಟುಕದ್ದೇನಲ್ಲ: ವಾರಕ್ಕೆ ಮೂರು-ನಾಲ್ಕು ಸಲ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿರುಸಾದ ನಡಿಗೆ. ವ್ಯಾಯಾಮ ಮಾಡಿದವರಲ್ಲಿ ಸ್ನಾಯು, ಕೀಲುಗಳ ತೊಂದರೆ ಸ್ವಲ್ಪ ಹೆಚ್ಚು ಕಂಡಿತ್ತು. ಹಾಗಾಗಿ ಹತ್ತು ನಿಮಿಷದಿಂದ ಶುರುಮಾಡಲಿ. ಕೀಮೋದಿಂದ ಪಾದ ಜೋಮು ಹಿಡಿದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಊಟದ ವಿಷಯದಲ್ಲಿ ಪುರಾವೆ ಇಷ್ಟು ಗಟ್ಟಿ ಇಲ್ಲ. ಸಂಸ್ಕರಿಸಿದ ಮಾಂಸ, ಸಕ್ಕರೆ ಪಾನೀಯ, ಮೈದಾದಂಥವು ಹೆಚ್ಚಾದವರಲ್ಲಿ ಮರುಕಳಿಕೆ ಹೆಚ್ಚು, ಇಡೀ ಧಾನ್ಯ, ನಾರಿನಂಶ ತಿನ್ನುವವರಲ್ಲಿ ಫಲಿತಾಂಶ ಉತ್ತಮ ಎಂದು ಕಂಡಿದೆ. ಆದರೆ ಇವು ರೋಗಿಗಳನ್ನು ಗಮನಿಸಿ ಬರೆದಿಟ್ಟ ಲೆಕ್ಕಗಳು, ಪ್ರಯೋಗಗಳಲ್ಲ. ಮದ್ಯ, ಸಿಗರೇಟು ಬೇಡವೇ ಬೇಡ. ಆಪರೇಷನ್ ಆದ ಹೊಸದರಲ್ಲಿ ನಾರು ಹೆಚ್ಚಿಸುವ ಮುನ್ನ ಸರ್ಜನ್ ಅವರನ್ನು ಕೇಳಿ. ಇನ್ನು, "ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಸಾಯುತ್ತದೆ" ಎಂದು ಯಾರಾದರೂ ಹೇಳಿದರೆ, ದಯವಿಟ್ಟು ಅದನ್ನು ನಂಬಿ ತಂದೆಯವರನ್ನು ಉಪವಾಸ ಕೆಡವಬೇಡಿ. ಈಗ ಬೇಡದೆ ತೂಕ ಇಳಿಯುವುದೂ ಅಪಾಯವೇ.