ಪಿಎಚ್.ಡಿ. ಇಲ್ಲದೆ ವಿಶ್ವವಿದ್ಯಾಲಯದ ಹುದ್ದೆಗೆ ಅರ್ಜಿ ಹಾಕಬಹುದಾ?

ಪ್ರಶ್ನೆ: ಅರ್ಥಶಾಸ್ತ್ರದಲ್ಲಿ ಎಂ.ಎ. ಆಗಿದೆ, ಶೇ 57 ಅಂಕ. ಪದವಿಯಲ್ಲಿ ಶೇ 64. ಕೆ-ಸೆಟ್ ಪಾಸಾಗಿದ್ದೇನೆ. ನಾಲ್ಕು ವರ್ಷದಿಂದ ಅತಿಥಿ ಉಪನ್ಯಾಸಕಿ. ಪಿಎಚ್.ಡಿ. ಇಲ್ಲದಿದ್ದರೆ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಿಯೂ ಪ್ರಯೋಜನವಿಲ್ಲ ಅಂತಾರೆ. ನಿಜವೇ?
– ಓದುಗರೊಬ್ಬರು, ರಾಯಚೂರು

ಉತ್ತರ: ಅರ್ಜಿ ಹಾಕಲು ನಿಮಗೆ ಅರ್ಹತೆ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮ ಕೇಳುವುದು ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ, ಜೊತೆಗೆ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ನೆಟ್ ಅಥವಾ ರಾಜ್ಯಮಟ್ಟದ ಸೆಟ್ (ನಮ್ಮಲ್ಲಿ ಕೆ-ಸೆಟ್). ಎಸ್‌ಸಿ, ಎಸ್‌ಟಿ, ಕೆನೆಪದರಕ್ಕೆ ಸೇರದ ಒಬಿಸಿ ಮತ್ತು ಅಂಗವಿಕಲರಿಗೆ ಶೇ 5ರಷ್ಟು ವಿನಾಯಿತಿ ಇದೆ. ವಿಶ್ವವಿದ್ಯಾಲಯಗಳಿಗೆ ಪಿಎಚ್.ಡಿ. ಕಡ್ಡಾಯ ಮಾಡುವ ಮಾತಿತ್ತು. ಆದರೆ 2023ರ ಜುಲೈ 1ರಿಂದ ಅದು ಐಚ್ಛಿಕ.

ಹಾಗಂತ ನಿಮಗೆ ಹೇಳಿದವರ ಮಾತು ಪೂರ್ತಿ ಸುಳ್ಳಲ್ಲ. ಅರ್ಜಿ ಹಾಕಿದವರನ್ನೆಲ್ಲ ಸಂದರ್ಶನಕ್ಕೆ ಕರೆಯುವುದಿಲ್ಲ, ಅಲ್ವಾ? ಯಾರನ್ನು ಕರೆಯಬೇಕು ಅನ್ನುವುದಕ್ಕೆ ಅದೇ ನಿಯಮದಲ್ಲಿ 100 ಅಂಕಗಳ ಪಟ್ಟಿ ಇದೆ. ನಿಮ್ಮ ಲೆಕ್ಕ ಹಾಕೋಣ. ಪದವಿಗೆ 13, ಎಂ.ಎ.ಗೆ 20, ಸೆಟ್‌ಗೆ 3. ಒಟ್ಟು 36. ಪಿಎಚ್.ಡಿ. ಒಂದಕ್ಕೇ 30 ಅಂಕ! ನಿಮ್ಮಷ್ಟೇ ಓದಿ ಪಿಎಚ್.ಡಿ. ಮುಗಿಸಿದವರು 66ಕ್ಕೆ ಹೋಗಿಬಿಡುತ್ತಾರೆ. ಕಡ್ಡಾಯವಲ್ಲದ ಪಿಎಚ್.ಡಿ. ಹೀಗೆ ನಿಮ್ಮನ್ನು ಹಿಂದೆ ತಳ್ಳುತ್ತದೆ.

ಬೋಧನೆಗೆ ವರ್ಷಕ್ಕೆ 2ರಂತೆ 10 ಅಂಕದವರೆಗೆ ಇದೆ. ಇಲ್ಲಿ ಬೇಜಾರಿನ ವಿಷಯವೊಂದನ್ನು ಹೇಳಲೇಬೇಕು. ಹಿಂದಿನ ತಾತ್ಕಾಲಿಕ ಸೇವೆಯನ್ನು ಎಣಿಸಲು, ಸಂಬಳ ಕಾಯಂ ಸಹಾಯಕ ಪ್ರಾಧ್ಯಾಪಕರಿಗಿಂತ ಕಡಿಮೆ ಇರಬಾರದು ಎಂಬ ಷರತ್ತು ನಿಯಮದಲ್ಲಿದೆ. ಅತಿಥಿ ಉಪನ್ಯಾಸಕರಿಗೆ ಅಷ್ಟು ಕೊಡುವವರು ಯಾರು? ಅದೇ ಪಾಠ, ಅದೇ ಮಕ್ಕಳು. ಇದು ಅನ್ಯಾಯ ಅಂತಲೇ ನನ್ನ ಅನಿಸಿಕೆ. ಆದರೂ ಪ್ರತಿ ವರ್ಷದ ಸೇವಾ ಪ್ರಮಾಣಪತ್ರ ತೆಗೆದಿಟ್ಟುಕೊಳ್ಳಿ, ಅರ್ಜಿಗೆ ಲಗತ್ತಿಸಿ. ಆ 8 ಅಂಕ ಬಂದೇ ಬರುತ್ತದೆ ಅಂತ ಮಾತ್ರ ನಂಬಿ ಕೂರಬೇಡಿ.

ನಿಮ್ಮ ಕೈಯಲ್ಲಿರುವುದು ಸಂಶೋಧನಾ ಲೇಖನ. ಒಂದಕ್ಕೆ 2 ಅಂಕ, ಗರಿಷ್ಠ 10. ದುಡ್ಡು ಕೊಟ್ಟರೆ ಛಾಪಿಸುವ ಪತ್ರಿಕೆಗಳ ಕಡೆ ಹೋಗಬೇಡಿ. ಯುಜಿಸಿ ಹೇಳುವುದು ವಿಷಯತಜ್ಞರು ಪರಿಶೀಲಿಸಿ ಪ್ರಕಟಿಸುವ ಪತ್ರಿಕೆಗಳನ್ನು.

ನೆಟ್ ಕೂಡ ಬರೆಯಿರಿ. 3ರ ಜಾಗದಲ್ಲಿ 5 ಅಂಕ ಸಿಗುತ್ತದೆ. ಕೆ-ಸೆಟ್‌ಗೆ ಮಾನ್ಯತೆ ಕರ್ನಾಟಕದೊಳಗೆ ಮಾತ್ರ, ನೆಟ್‌ಗೆ ದೇಶದಾದ್ಯಂತ. ಆದರೆ 2024ರಿಂದ ನೆಟ್ ಫಲಿತಾಂಶದಲ್ಲಿ ಮೂರು ವರ್ಗಗಳಿವೆ. ‘ಪಿಎಚ್.ಡಿ. ಪ್ರವೇಶ ಮಾತ್ರ’ ಅಂತ ಬಂದರೆ ಅದು ಈ ಹುದ್ದೆಗೆ ನಡೆಯುವುದಿಲ್ಲ. ‘ಸಹಾಯಕ ಪ್ರಾಧ್ಯಾಪಕ ಹುದ್ದೆ ಮತ್ತು ಪಿಎಚ್.ಡಿ. ಪ್ರವೇಶ’ ಎಂಬ ಎರಡನೇ ವರ್ಗವಾದರೆ ಹುದ್ದೆಗೂ ಅರ್ಹತೆ, ಪಿಎಚ್.ಡಿ. ಪ್ರವೇಶಕ್ಕೂ ದಾರಿ.

ನೀವು ರಾಯಚೂರಿನವರು. ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಕೊಡುವ ಪ್ರಮಾಣಪತ್ರ ಮಾಡಿಸಿದ್ದೀರಾ? ಇಲ್ಲದಿದ್ದರೆ ಈಗಲೇ ಸಹಾಯಕ ಆಯುಕ್ತರ ಕಚೇರಿಗೆ ಅರ್ಜಿ ಕೊಡಿ. ಆ ಭಾಗದವರಿಗೆ ಮೀಸಲಾದ ಹುದ್ದೆಗೆ ಅದು ಬೇಕೇ ಬೇಕು. ಅರ್ಜಿಯ ಕೊನೆಯ ದಿನದೊಳಗೆ ಅದು ಕೈಯಲ್ಲಿರಲಿ.

ಈ ಸಲದ ಅರ್ಜಿಯನ್ನಂತೂ ಬಿಡಬೇಡಿ. ಆ ಅಂಕಗಳೆಲ್ಲ ಸಂದರ್ಶನದ ಬಾಗಿಲವರೆಗೆ ಮಾತ್ರ. ಒಳಗೆ ಹೋದ ಮೇಲೆ ಆಯ್ಕೆ ನಡೆಯುವುದು ಸಂದರ್ಶನದ ಮೇಲೆಯೇ. ಅಲ್ಲಿ ನಾಲ್ಕು ವರ್ಷ ಪಾಠ ಮಾಡಿದ ನಿಮ್ಮ ಅನುಭವ ಕೆಲಸಕ್ಕೆ ಬರುತ್ತದೆ.