ಸಂಬಂಧ ಮುರಿದ ಮೇಲೆ 'ನಾನು ಯಾರು' ಅನ್ನೋದೇ ಗೊತ್ತಾಗುತ್ತಿಲ್ಲ. ಹೀಗೆ ಆಗುವುದುಂಟಾ?

ಖಂಡಿತ ಉಂಟು. ಅಮೆರಿಕದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಆರ್ಥರ್ ಆರನ್ ಆಪ್ತ ಸಂಬಂಧಗಳಲ್ಲಿ 'ನಾನು' ಹೇಗೆ ಬದಲಾಗುತ್ತದೆ ಎಂಬುದನ್ನೇ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಹತ್ತಿರದವರ ಅಭಿರುಚಿ, ಗೆಳೆಯರು, ಕನಸುಗಳೆಲ್ಲ ನಿಧಾನವಾಗಿ ನಮ್ಮವೇ ಆಗಿಬಿಡುತ್ತವೆ ಎಂಬುದು ಅವರ ವಾದ.

1992ರಲ್ಲಿ ಅವರ ತಂಡ ಆಪ್ತತೆಯನ್ನು ಅಳೆಯಲು ತಂದ ವಿಧಾನ ತುಂಬಾ ಸರಳ. ಒಂದು ವೃತ್ತ ನೀವು, ಇನ್ನೊಂದು ನಿಮ್ಮ ಹತ್ತಿರದವರು. ಇಂಥ 7 ಚಿತ್ರಗಳಿರುತ್ತವೆ. ಮೊದಲನೆಯದರಲ್ಲಿ ವೃತ್ತಗಳು ಬೇರೆ ಬೇರೆ, ಕೊನೆಯದರಲ್ಲಿ ಹೆಚ್ಚುಕಡಿಮೆ ಒಂದೇ. ನಿಮ್ಮ ಸಂಬಂಧಕ್ಕೆ ಹೊಂದುವ ಚಿತ್ರ ಆರಿಸಬೇಕು, ಅಷ್ಟೇ.

1995ರ ಇನ್ನೊಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಕೆಲವು ವಾರಗಳ ಅಂತರದಲ್ಲಿ 'ಇವತ್ತು ನೀವು ಯಾರು?' ಎಂದು ಮತ್ತೆ ಮತ್ತೆ ಕೇಳಿದರು. ಪ್ರೀತಿಯಲ್ಲಿ ಬಿದ್ದವರ ಉತ್ತರದಲ್ಲಿ ವೈವಿಧ್ಯ ಜಾಸ್ತಿಯಾಗಿತ್ತು! ನನಗೆ ತುಂಬಾ ಹಿಡಿಸಿದ ಪ್ರಯೋಗ ಇದು.

ವೃತ್ತಗಳು ಅಷ್ಟು ಬೆರೆತಿದ್ದರೆ, ಬಿಡಿಸುವಾಗ ನಮ್ಮ ವೃತ್ತವೂ ಹರಿದುಹೋಗುತ್ತದೆ ಅಲ್ವಾ? ಮನಶ್ಶಾಸ್ತ್ರಜ್ಞೆ ಎರಿಕಾ ಸ್ಲಾಟರ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದ್ದೂ ಇದನ್ನೇ. ಬ್ರೇಕಪ್ ಆದ ಮೇಲೆ ತನ್ನ ಬಗ್ಗೆ ಇರುವ ಸ್ಪಷ್ಟತೆ ಕುಗ್ಗುತ್ತದೆ, ಆ ಗೊಂದಲವೇ ಸಂಕಟವನ್ನು ಹೆಚ್ಚಿಸುತ್ತದೆ.

ಹಾಗಾಗಿ 'ಸುಮ್ನೆ ಮರೆತುಬಿಡು' ಅನ್ನುವವರ ಮಾತು ಬಿಡಿ. ಸಂಬಂಧಕ್ಕಾಗಿ ಕೈಬಿಟ್ಟಿದ್ದ ಹಾಡು, ಆಟ, ಹಳೆಯ ಸ್ನೇಹ ಯಾವುದಾದರೂ ಒಂದನ್ನು ಮತ್ತೆ ಶುರು ಮಾಡಿ. ನಿದ್ದೆ, ಊಟ ವಾರಗಟ್ಟಲೆ ಕೆಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.