ಓದುಗರ ಪ್ರಶ್ನೆ: ಜರ್ಮನಿಯಿಂದ ಬಂದ ಪೂರ್ವಜರ ಊರನ್ನು ಪತ್ತೆ ಹಚ್ಚುವುದು ಹೇಗೆ?

ಪ್ರಶ್ನೆ: ನನ್ನ ಮಗ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನೆಲೆಸಿದ್ದಾನೆ, ಸೊಸೆ ಅಲ್ಲಿನವಳೇ. ಅವಳ ಅಜ್ಜನ ಅಜ್ಜ 1860ರ ದಶಕದಲ್ಲಿ ಜರ್ಮನಿಯಿಂದ ಬಂದವರೆಂದು ಮನೆಯವರು ಹೇಳುತ್ತಾರೆ. ಅವರ ಮನೆತನದ ಹೆಸರು ಬಹಳ ಅಪರೂಪದ್ದು. 1900ರ ಜನಗಣತಿಯಲ್ಲಿ ಹುಟ್ಟಿದ ಸ್ಥಳ ‘ಜರ್ಮನಿ’ ಎಂದಷ್ಟೇ ಇದೆ. ಅದೇ ಹೆಸರಿನ ಕೆಲವರು ಈಗಲೂ ಜರ್ಮನಿಯಲ್ಲಿದ್ದಾರೆಂದು ತಿಳಿಯಿತು. ಅವರಿಗೇ ಪತ್ರ ಬರೆದು ಕೇಳಬಹುದೇ? ಮೊಮ್ಮಗನಿಗಾಗಿ ಎರಡೂ ಕಡೆಯ ವಂಶಾವಳಿಯನ್ನು ಬರೆದಿಡುವ ಆಸೆ ನನ್ನದು. (ಮೈಸೂರಿನ ಓದುಗರು)

ಉತ್ತರ: ಬರೆಯಬಹುದು, ಆದರೆ ಈಗಲೇ ಬೇಡ. ಮನೆತನದ ಹೆಸರು ಅಪರೂಪವಾದಾಗ ಅನುಕೂಲವೂ ಅಪಾಯವೂ ಒಟ್ಟಿಗೇ ಬರುತ್ತವೆ. ದಾಖಲೆಗಳ ರಾಶಿಯಲ್ಲಿ ಆ ಹೆಸರು ಕಂಡರೆ ಅದು ನಿಮ್ಮ ಬಳಗದವರದೇ ಆಗಿರುವ ಸಾಧ್ಯತೆ ಹೆಚ್ಚು ಎಂಬುದು ಅನುಕೂಲ. ಜರ್ಮನಿಯ ಯಾವುದೋ ಒಂದು ಊರಿನಲ್ಲಿ ಅದೇ ಹೆಸರು ಸಿಕ್ಕ ಕೂಡಲೇ ಅದನ್ನೇ ಮೂಲಸ್ಥಾನವೆಂದು ನಂಬಿ, ಅಲ್ಲಿಂದ ಹಿಂದಕ್ಕೆ ಮೂರು ತಲೆಮಾರುಗಳನ್ನು ಬರೆದುಬಿಡುವ ಆತುರ ಹುಟ್ಟುತ್ತದೆ, ಅದು ಅಪಾಯ. ಅಂತರ್ಜಾಲದಲ್ಲಿ ಸಿಗುವ ಎಷ್ಟೋ ವಂಶವೃಕ್ಷಗಳು ಹೀಗೆ ಬೆಳೆದವು. ಜರ್ಮನಿಯ ಹಳೆಯ ಜನನ, ವಿವಾಹ, ಮರಣಗಳ ದಾಖಲೆಗಳಿರುವುದು ಆಯಾ ಊರಿನ ಚರ್ಚಿನ ಪುಸ್ತಕಗಳಲ್ಲಿ. ಆದ್ದರಿಂದ ಊರಿನ ಹೆಸರು ತಿಳಿಯದೆ ಆ ಕಡೆಗೆ ಹೋಗಿ ಪ್ರಯೋಜನ ಕಡಿಮೆ, ಮತ್ತು ಆ ಊರಿನ ಹೆಸರು ಹೆಚ್ಚಾಗಿ ಅಮೆರಿಕದ ಕಾಗದಗಳಲ್ಲಿಯೇ ಎಲ್ಲೋ ಇರುತ್ತದೆ.

ಮೊದಲು ಜನಗಣತಿಯನ್ನೇ ಇನ್ನಷ್ಟು ಹಿಂದಕ್ಕೆ ನೋಡಿ. ಒಂದೇ ರಾಷ್ಟ್ರವಾಗಿ ಜರ್ಮನಿ ರೂಪುಗೊಂಡದ್ದು 1871ರಲ್ಲಿ. ಅದಕ್ಕೂ ಮೊದಲು ಪ್ರಶ್ಯಾ, ಬವೇರಿಯಾ, ಬಾಡೆನ್, ವ್ಯೂರ್ಟೆಂಬರ್ಗ್, ಮೆಕ್ಲೆನ್‌ಬರ್ಗ್ ಮುಂತಾದ ಬೇರೆ ಬೇರೆ ಸಂಸ್ಥಾನಗಳಿದ್ದವು. ಹಾಗಾಗಿ 1900ರಲ್ಲಿ ‘ಜರ್ಮನಿ’ ಎಂದಿರುವ ವ್ಯಕ್ತಿಯ ಹೆಸರಿನ ಮುಂದೆ 1870 ಅಥವಾ 1880ರ ಗಣತಿಯಲ್ಲಿ ‘ಮೆಕ್ಲೆನ್‌ಬರ್ಗ್’ ಎಂದಿರಬಹುದು. ಅಷ್ಟು ಸಿಕ್ಕರೆ ಹುಡುಕಾಟದ ಕ್ಷೇತ್ರ ಬಹಳ ಕಿರಿದಾಗುತ್ತದೆ. ‘ಪ್ರಶ್ಯಾ’ ಎಂದಿದ್ದರೆ ಮಾತ್ರ ಅಷ್ಟು ಸಂತೋಷಪಡಬೇಕಾಗಿಲ್ಲ, ಏಕೆಂದರೆ ಆ ರಾಜ್ಯ ರೈನ್ ನದಿಯಿಂದ ರಷ್ಯಾದ ಗಡಿಯವರೆಗೆ ಹರಡಿತ್ತು. 1900ರ ಗಣತಿಯಲ್ಲಿ ಅಮೆರಿಕಕ್ಕೆ ಬಂದ ವರ್ಷವನ್ನೂ ಕೇಳಿದ್ದಾರೆ. ಅದನ್ನು ಗುರುತು ಮಾಡಿಕೊಳ್ಳಿ, ಆದರೆ ನೆನಪಿನಿಂದ ಹೇಳಿದ ವರ್ಷವಾದ್ದರಿಂದ ಒಂದೆರಡು ವರ್ಷ ಆಚೀಚೆ ಇರಬಹುದು. 1890ರ ಗಣತಿಯ ಬಹುಭಾಗ 1921ರ ಬೆಂಕಿಯಿಂದಾಗಿ ನಾಶವಾಗಿರುವುದರಿಂದ ಅದನ್ನು ಹುಡುಕುವ ಶ್ರಮ ಬೇಡ.

ನನ್ನ ಅಭಿಪ್ರಾಯದಲ್ಲಿ ಅತ್ಯಂತ ಫಲ ಕೊಡುವ ಜಾಗ ವಿಸ್ಕಾನ್ಸಿನ್‌ನ ಚರ್ಚಿನ ಪುಸ್ತಕಗಳೇ. ಜರ್ಮನ್ ವಲಸಿಗರ ಲೂಥರನ್, ರಿಫಾರ್ಮ್ಡ್ (ಇವೆರಡೂ ಪ್ರಾಟೆಸ್ಟೆಂಟ್ ಪಂಥಗಳು) ಮತ್ತು ಕ್ಯಾಥೊಲಿಕ್ ಸಭೆಗಳಲ್ಲಿ ಪಾದ್ರಿಗಳು ಜರ್ಮನ್ ಭಾಷೆಯಲ್ಲಿಯೇ ದಾಖಲೆ ಬರೆಯುತ್ತಿದ್ದರು. ಸರಕಾರಿ ಗುಮಾಸ್ತರಿಗೆ ‘ಜರ್ಮನಿ’ ಎಂಬುದಷ್ಟೇ ಸಾಕಾಗಿದ್ದ ಕಡೆಯಲ್ಲಿ, ಅದೇ ಭಾಷೆಯ, ಅದೇ ಸೀಮೆಯಿಂದ ಬಂದಿರಬಹುದಾದ ಪಾದ್ರಿಗೆ ಹಳ್ಳಿಯ ಹೆಸರೂ ಮುಖ್ಯವೆನಿಸುತ್ತಿತ್ತು. ಆ ಹಿರಿಯರ ಮದುವೆ ಮತ್ತು ಸಮಾಧಿಯ ನಮೂದುಗಳನ್ನು ಮಾತ್ರವಲ್ಲ, ಅವರ ಎಲ್ಲ ಮಕ್ಕಳ ಜ್ಞಾನಸ್ನಾನದ ನಮೂದುಗಳನ್ನೂ ಓದಿಸಿ, ಜ್ಞಾನಪಿತರಾಗಿ, ಅಂದರೆ ಆ ವಿಧಿಯಲ್ಲಿ ಮಗುವಿನ ಪರವಾಗಿ ಹೊಣೆ ಹೊತ್ತು, ನಿಂತವರು ಯಾರೆಂದು ಪಟ್ಟಿ ಮಾಡಿ. ವಲಸೆ ಹೋದವರು ಒಬ್ಬೊಬ್ಬರಾಗಿ ಹೋದದ್ದು ಕಡಿಮೆ. ಮೊದಲು ಹೋದವನು ಕಾಗದ ಬರೆದು ಅಣ್ಣತಮ್ಮಂದಿರನ್ನು, ನೆರೆಯವರನ್ನು ಕರೆಸಿಕೊಂಡು, ಒಂದೇ ಹಳ್ಳಿಯವರು ಅಮೆರಿಕದ ಒಂದೇ ತಾಲ್ಲೂಕಿನಲ್ಲಿ ಅಕ್ಕಪಕ್ಕ ಜಮೀನು ಮಾಡಿಕೊಂಡ ಉದಾಹರಣೆಗಳು ಬೇಕಾದಷ್ಟಿವೆ. ವಿಸ್ಕಾನ್ಸಿನ್‌ನ ಫ್ರೈಸ್ಟಾಟ್ ಎಂಬ ಊರನ್ನು 1839ರಲ್ಲಿ ಕಟ್ಟಿದವರೇ ಪ್ರಶ್ಯಾದ ಬಾಲ್ಟಿಕ್ ಕರಾವಳಿಯ ಪ್ರಾಂತವಾದ ಪೊಮೆರೇನಿಯಾದಿಂದ ಗುಂಪಾಗಿ ಬಂದ ಲೂಥರನ್ನರು. ಹೀಗಾಗಿ ನಿಮ್ಮ ಸೊಸೆಯ ಪೂರ್ವಜರ ಊರು ಎಲ್ಲಿಯೂ ಸಿಗದಿದ್ದರೂ ಅವರ ಹೆಂಡತಿಯ, ಭಾವಮೈದುನನ ಅಥವಾ ಪಕ್ಕದ ಜಮೀನಿನವರ ಊರು ಸಿಗಬಹುದು, ಮತ್ತು ಎಷ್ಟೋ ವೇಳೆ ಎರಡೂ ಒಂದೇ ಆಗಿರುತ್ತದೆ. ಸಮಾಧಿಕಲ್ಲುಗಳನ್ನೂ, ಅಂದಿನ ಜರ್ಮನ್ ಭಾಷೆಯ ಪತ್ರಿಕೆಗಳಲ್ಲಿನ ಮರಣವಾರ್ತೆಗಳನ್ನೂ ಇದೇ ಕ್ರಮದಲ್ಲಿ ನೋಡಿಸಬೇಕು. ಮ್ಯಾಡಿಸನ್ ನಗರದಲ್ಲಿರುವ ವಿಸ್ಕಾನ್ಸಿನ್ ಇತಿಹಾಸ ಸಂಘದಲ್ಲಿ ಹಳೆಯ ಪತ್ರಿಕೆಗಳ ದೊಡ್ಡ ಸಂಗ್ರಹವಿದೆ.

ಪೌರತ್ವದ ಕಾಗದಗಳಿಂದ ಹೆಚ್ಚು ನಿರೀಕ್ಷಿಸಬೇಡಿ. 1906ಕ್ಕಿಂತ ಹಿಂದಿನ ಅರ್ಜಿಗಳಲ್ಲಿ ಹಲವು ವೇಳೆ ‘ಪ್ರಶ್ಯಾದ ದೊರೆಗೆ ನಿಷ್ಠೆಯನ್ನು ತ್ಯಜಿಸುತ್ತೇನೆ’ ಎಂಬಷ್ಟರ ಹೊರತು ಊರಿನ ಸುದ್ದಿಯೇ ಇರುವುದಿಲ್ಲ.

ಹಡಗಿನ ಪಟ್ಟಿಗಳ ವಿಷಯದಲ್ಲಿ ಅದೃಷ್ಟವೂ ಸೇರಿಕೊಂಡಿದೆ. ಹಾಂಬುರ್ಗ್ ಬಂದರಿನಿಂದ ಹೊರಟವರ 1850ರಿಂದ 1934ರವರೆಗಿನ ಪಟ್ಟಿಗಳು ಉಳಿದುಬಂದಿವೆ ಮತ್ತು ಅವುಗಳಲ್ಲಿ ಸಾಮಾನ್ಯವಾಗಿ ಪ್ರಯಾಣಿಕನು ಕೊನೆಯದಾಗಿ ವಾಸವಾಗಿದ್ದ ಊರು ಇರುತ್ತದೆ. ಬ್ರೆಮೆನ್ ಮೂಲಕ ಹೊರಟವರ ಹಳೆಯ ಪಟ್ಟಿಗಳನ್ನು ಜಾಗವಿಲ್ಲವೆಂದು ಅಲ್ಲಿನ ಅಧಿಕಾರಿಗಳೇ ನಾಶಪಡಿಸಿದರು. ಉಳಿದವುಗಳಲ್ಲಿ ಬಹುಪಾಲು ಎರಡನೆಯ ಮಹಾಯುದ್ಧದಲ್ಲಿ ಹೋದವು. ಆ್ಯಂಟ್‌ವರ್ಪ್, ರಾಟರ್‌ಡ್ಯಾಮ್, ಫ್ರಾನ್ಸಿನ ಲ ಹಾವ್ರ್ ಬಂದರುಗಳಿಂದ ಹೊರಟವರೂ ಅನೇಕರು.

ಇನ್ನು ಹೆಸರಿನ ವಿಚಾರ. ಅಪರೂಪದ ಹೆಸರನ್ನು ಇಂದಿನ ಕಾಗುಣಿತದಲ್ಲಿ ಮಾತ್ರ ಹುಡುಕಿದರೆ ಸಿಗುವುದು ಅಪರೂಪವೇ. ಜರ್ಮನರ ‘ಯ’ಕಾರ ಅವರ ಬರಹದಲ್ಲಿ ‘ಜೆ’ ಅಕ್ಷರ. ಅಮೆರಿಕದ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಾಗ ಅದು ‘ವೈ’ ಆಗುತ್ತದೆ. ದಕ್ಷಿಣದ ಉಚ್ಚಾರಣೆಯಲ್ಲಿ ‘ಬ’ ಮತ್ತು ‘ಪ’, ‘ದ’ ಮತ್ತು ‘ತ’ ಒಂದರಂತೆ ಇನ್ನೊಂದು ಕೇಳಿಸುತ್ತವೆ. ಹಳೆಯ ಜರ್ಮನ್ ಕೈಬರಹವಾದ ಕುರೆಂಟ್ ಲಿಪಿಯಲ್ಲಿ ‘ಇ’ ಅಕ್ಷರ ‘ಎನ್’ನಂತೆ ಕಾಣುವುದರಿಂದ ಸೂಚಿ ತಯಾರಿಸಿದವರು ತಪ್ಪಾಗಿ ಓದಿರುವುದೂ ಉಂಟು. ಆದುದರಿಂದ ಹೆಸರು ಹೇಗೆ ಕೇಳಿಸಿರಬಹುದು, ಹೇಗೆ ಕಂಡಿರಬಹುದು ಎಂದು ಯೋಚಿಸಿ ಹತ್ತಾರು ರೂಪಗಳನ್ನು ಬರೆದಿಟ್ಟುಕೊಂಡು ಹುಡುಕಬೇಕು. ಹಳೆಯ ಚರ್ಚ್ ಪುಸ್ತಕಗಳಲ್ಲಿ ಹೆಂಗಸರ ಮನೆತನದ ಹೆಸರಿನ ಕೊನೆಗೆ ‘ಇನ್’ ಸೇರಿಸುತ್ತಿದ್ದರು. ಅದನ್ನು ಬೇರೆ ಹೆಸರೆಂದು ಭಾವಿಸಬಾರದು. ಮೊದಲ ಹೆಸರಿನಲ್ಲಿಯೂ ಒಂದು ತೊಡಕಿದೆ: ಒಂದೇ ಮನೆಯ ಗಂಡುಮಕ್ಕಳೆಲ್ಲರಿಗೂ ‘ಯೋಹಾನ್’ ಎಂದು ಮೊದಲಿಟ್ಟು, ಕರೆಯುವಾಗ ಎರಡನೆಯ ಹೆಸರನ್ನು ಬಳಸುವ ಪದ್ಧತಿಯಿತ್ತು. ಅಮೆರಿಕದಲ್ಲಿ ‘ಹೆನ್ರಿ’ ಆಗಿದ್ದವರು ಹುಟ್ಟೂರಿನ ಪುಸ್ತಕದಲ್ಲಿ ‘ಯೋಹಾನ್ ಹೈನ್ರಿಚ್’ ಆಗಿರಬಹುದು.

ಊರಿನ ಸುಳಿವು ಒಂದಾದರೂ ಸಿಕ್ಕ ಮೇಲೆ ಜರ್ಮನಿಯ ಕಡೆಗೆ ತಿರುಗಿ. ಆಗ ಹೆಸರಿನ ಅಪರೂಪತೆ ನಿಜವಾಗಿ ಕೆಲಸಕ್ಕೆ ಬರುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಸತ್ತ, ಗಾಯಗೊಂಡ, ಸೆರೆಯಾದ ಜರ್ಮನ್ ಸೈನಿಕರ ಅಧಿಕೃತ ಪಟ್ಟಿಗಳನ್ನು ಅಲ್ಲಿನ ಗಣಕ ವಂಶಾವಳಿ ಸಂಘದ ಸ್ವಯಂಸೇವಕರು ಸೂಚಿ ಮಾಡಿ ಉಚಿತವಾಗಿ ತೆರೆದಿಟ್ಟಿದ್ದಾರೆ. ಸೈನಿಕನ ಊರೂ ಅದರಲ್ಲಿರುವುದರಿಂದ, ಒಂದು ಅಪರೂಪದ ಹೆಸರು ನೂರು ವರ್ಷಗಳ ಹಿಂದೆ ಯಾವ ಜಿಲ್ಲೆಯಲ್ಲಿ ಗುಂಪಾಗಿತ್ತೆಂದು ತಿಳಿಯಬಹುದು. ಇಂದಿನ ದೂರವಾಣಿ ಪಟ್ಟಿಗಿಂತ ಇದು ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ 1945ರ ನಂತರ ಲಕ್ಷಾಂತರ ಜನ ಪೂರ್ವದ ಸೀಮೆಗಳಿಂದ ಹೊರದೂಡಲ್ಪಟ್ಟು ಬೇರೆಡೆ ನೆಲೆಸಿದರು. ಬಳಿಕ ಪ್ರಾಟೆಸ್ಟೆಂಟ್ ಚರ್ಚ್ ಪುಸ್ತಕಗಳಿಗೆ ಆರ್ಕಿಯಾನ್, ಕ್ಯಾಥೊಲಿಕ್ ಪುಸ್ತಕಗಳಿಗೆ ಮ್ಯಾಟ್ರಿಕುಲಾ, ಎರಡಕ್ಕೂ ಫ್ಯಾಮಿಲಿಸರ್ಚ್ ತಾಣಗಳನ್ನು ನೋಡಬಹುದು, ಮೊದಲನೆಯದಕ್ಕೆ ಶುಲ್ಕವಿದೆ. ಸರಕಾರಿ ಜನನ-ಮರಣ ನೋಂದಣಿ ಪ್ರಶ್ಯಾದಲ್ಲಿ 1874ರಲ್ಲಿ, ಇಡೀ ಸಾಮ್ರಾಜ್ಯದಲ್ಲಿ 1876ರಲ್ಲಿ ಆರಂಭವಾದದ್ದರಿಂದ ನಿಮಗೆ ಚರ್ಚಿನ ಪುಸ್ತಕವೇ ಗತಿ. ಊರು ಪೊಮೆರೇನಿಯಾದ ಪೂರ್ವಭಾಗದ್ದಾದರೆ ಅದು ಇಂದು ಪೋಲೆಂಡಿನಲ್ಲಿರುತ್ತದೆ, ಊರಿಗೆ ಪೋಲಿಷ್ ಹೆಸರಿರುತ್ತದೆ, ಪುಸ್ತಕ ಯುದ್ಧದಲ್ಲಿ ಕಳೆದುಹೋಗಿರುವ ಸಾಧ್ಯತೆಯೂ ಇದೆ.

ಪ್ರಶ್ನೆ: ನ್ಯೂಯಾರ್ಕ್ ಬಂದರಿನಲ್ಲಿ ವಲಸಿಗರ ತಪಾಸಣೆ ನಡೆಯುತ್ತಿದ್ದ ಎಲಿಸ್ ದ್ವೀಪದ ಅಧಿಕಾರಿಗಳು ಜರ್ಮನರ ಉದ್ದನೆಯ ಹೆಸರುಗಳನ್ನು ಕತ್ತರಿಸಿ ಚಿಕ್ಕದು ಮಾಡುತ್ತಿದ್ದರಂತೆ. ನಿಜವೇ? (ಬೆಂಗಳೂರಿನ ಓದುಗರು)

ಉತ್ತರ: ನಿಜವಲ್ಲ, ಆದರೂ ಅಮೆರಿಕದ ಮನೆಮನೆಯಲ್ಲಿ ಈ ಕಥೆ ಜೀವಂತವಾಗಿದೆ. ಪ್ರಯಾಣಿಕರ ಪಟ್ಟಿಯನ್ನು ಹೊರಡುವ ಬಂದರಿನಲ್ಲಿ ಹಡಗು ಕಂಪನಿಯವರೇ ಬರೆಯುತ್ತಿದ್ದರು. ಅಮೆರಿಕದ ಅಧಿಕಾರಿಗಳು ಅದರೊಡನೆ ಜನರನ್ನು ತಾಳೆ ನೋಡುತ್ತಿದ್ದರೇ ಹೊರತು ಹೊಸ ಹೆಸರು ಕೊಡುತ್ತಿರಲಿಲ್ಲ. ಎಲಿಸ್ ದ್ವೀಪದ ಕೇಂದ್ರ ತೆರೆದದ್ದೇ 1892ರಲ್ಲಿ. ಮೇಲಿನ ಪ್ರಶ್ನೆಯ ಹಿರಿಯರು ನ್ಯೂಯಾರ್ಕ್‌ಗೆ ಬಂದಿಳಿದಿದ್ದರೆ ಅದು 1855ರಿಂದ ನಡೆಯುತ್ತಿದ್ದ ಕ್ಯಾಸಲ್ ಗಾರ್ಡನ್ ಕೇಂದ್ರದ ಕಾಲ. ಹೆಸರುಗಳು ಬದಲಾದದ್ದು ಆಮೇಲೆ, ಶಾಲೆಯ ಹಾಜರಿ ಪುಸ್ತಕದಲ್ಲಿ, ಕಾರ್ಖಾನೆಯ ಸಂಬಳದ ಪಟ್ಟಿಯಲ್ಲಿ, ಮತ್ತು ವಿಶೇಷವಾಗಿ 1917ರಲ್ಲಿ ಅಮೆರಿಕ ಜರ್ಮನಿಯ ವಿರುದ್ಧ ಯುದ್ಧಕ್ಕಿಳಿದಾಗ ಭಯದಿಂದ, ಸಂಕೋಚದಿಂದ. 1918ರಲ್ಲಿ ಅಯೋವಾ ರಾಜ್ಯಪಾಲರು ಸಾರ್ವಜನಿಕ ಸ್ಥಳಗಳಲ್ಲಿ, ದೂರವಾಣಿಯಲ್ಲಿಯೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯನ್ನು ಆಡಬಾರದೆಂದು ಘೋಷಣೆ ಹೊರಡಿಸಿದ್ದರೆಂದರೆ ಆ ದಿನಗಳ ಬಿಗುವು ಅರ್ಥವಾದೀತು. ನ್ಯಾಯಾಲಯದ ಮೂಲಕ ಹೆಸರು ಬದಲಿಸಿಕೊಂಡಿದ್ದರೆ ಅದರ ಕಡತ ಸ್ಥಳೀಯ ನ್ಯಾಯಾಲಯದಲ್ಲಿ ಸಿಗಬಹುದು.

ಪ್ರಶ್ನೆ: ಇಷ್ಟೆಲ್ಲ ಕಾಗದ ಹುಡುಕುವ ಬದಲು ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಆಗದೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಡಿಎನ್‌ಎ ಊರಿನ ಹೆಸರನ್ನು ಹೇಳುವುದಿಲ್ಲ. ಅಜ್ಜನ ಅಜ್ಜನಿಂದ ಒಬ್ಬರಿಗೆ ಬರುವುದು ಸರಾಸರಿ ಹದಿನಾರರಲ್ಲಿ ಒಂದು ಪಾಲು. ಆದ್ದರಿಂದ ಕುಟುಂಬದಲ್ಲಿ ಬದುಕಿರುವ ಅತಿ ಹಿರಿಯರು ಒಪ್ಪಿದರೆ ಅವರದನ್ನೇ ಮೊದಲು ಮಾಡಿಸುವುದು ಲೇಸು. ತಂದೆಯಿಂದ ಮಗನಿಗೆ ಮಾತ್ರ ಹೋಗುವ ವೈ ವರ್ಣತಂತುವಿನ ಪರೀಕ್ಷೆ ಅಪರೂಪದ ಮನೆತನದ ಹೆಸರಿಗೆ ಹೆಚ್ಚು ಹೊಂದುತ್ತದೆ: ಅಮೆರಿಕದ ಒಬ್ಬ ಗಂಡಸಿನದೂ ಜರ್ಮನಿಯಲ್ಲಿ ಅದೇ ಹೆಸರಿನ ಒಬ್ಬ ಗಂಡಸಿನದೂ ಹೊಂದಿದರೆ ಎರಡೂ ಒಂದೇ ಕುಲವೆಂದು ಧೈರ್ಯವಾಗಿ ಹೇಳಬಹುದು. ಹೊಂದದಿದ್ದರೆ ಸಂಬಂಧವೇ ಇಲ್ಲವೆಂದು ತಕ್ಷಣ ತೀರ್ಮಾನಿಸಬಾರದು. ವಾಯವ್ಯ ಜರ್ಮನಿಯ ವೆಸ್ಟ್‌ಫೇಲಿಯಾ ಮತ್ತು ಲಿಪ್ಪೆ ಸೀಮೆಗಳಲ್ಲಿ ಹೆಸರು ಜಮೀನಿಗೆ ಸೇರಿದ್ದಾಗಿತ್ತು. ಮನೆಅಳಿಯನಾಗಿ ಬಂದವನು ತನ್ನ ಹೆಸರು ಬಿಟ್ಟು ಹೆಂಡತಿಯ ಜಮೀನಿನ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದನು. ಮನೆಯ ಅಥವಾ ತೋಟದ ಹೆಸರಿನಿಂದಲೇ ಜನರನ್ನು ಗುರುತಿಸುವ ನಮ್ಮ ಕರಾವಳಿ, ಮಲೆನಾಡಿನವರಿಗೆ ಇದು ವಿಚಿತ್ರವೆನಿಸಲಾರದು. ಅಂಥ ಕಡೆ ಹೆಸರು ಒಂದೇ ಆಗಿದ್ದು ವೈ ವರ್ಣತಂತು ಬೇರೆಯಾಗಿರುವುದು ಸಹಜ. ಆ ಅಳಿಯ ಯಾವ ಮನೆಯಿಂದ ಬಂದವನೆಂಬುದನ್ನು ಮದುವೆಯ ನಮೂದಿನಲ್ಲಿಯೇ ಹುಡುಕಬೇಕು.